ಒಗೆಯದ ಟವೆಲ್

ಯಲ್ಲಪ್ಪನಿಗೆ ಸ್ವಂತ ಟವೆಲ್ ಇರಲಿಲ್ಲ.

ಮನೆಯಲ್ಲಿದ್ದ ಒಂದೇ ಟವೆಲನ್ನು ಅವನೂ ಅವನ ಅಣ್ಣ ದುರ್ಗಪ್ಪನೂ ಬಳಸುತ್ತಿದ್ದರು. ಒಂದು ತುದಿಗೆ ಕೆಂಪು ಅಂಚಿತ್ತು, ಅದು ಅಣ್ಣನದು. ಇನ್ನೊಂದು ತುದಿಯ ಅಂಚು ಹರಿದು ದಾರ ಜೋತಾಡುತ್ತಿತ್ತು, ಅದು ತಮ್ಮನದು. ಮುಖ ಒರೆಸಿಕೊಳ್ಳುವಾಗ ಒಬ್ಬರ ತುದಿಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ನಡುವಿನ ಭಾಗ ಇಬ್ಬರಿಗೂ ಸೇರಿದ್ದು. ತಲೆಗೆ ಸುತ್ತುವುದು, ಕೈ ಒರೆಸುವುದು, ಬುತ್ತಿ ಕಟ್ಟುವುದು ಎಲ್ಲ ಅದರಲ್ಲೇ. ಹೀಗೆಂದು ಯಾರೂ ಕೂತು ತೀರ್ಮಾನಿಸಿರಲಿಲ್ಲ. ಅವರು ಚಿಕ್ಕವರಿದ್ದಾಗ ತಾಯಿ ಹುಲಿಗೆಮ್ಮ ಹಾಗೆ ಕಲಿಸಿದ್ದಳು, ಹಾಗೇ ನಡೆದುಕೊಂಡು ಬಂದಿತ್ತು.

ಅಣ್ಣತಮ್ಮ ಇಬ್ಬರೂ ಊರ ಹೊರಗಿನ ಗ್ರಾನೈಟ್ ಕ್ವಾರಿಯಲ್ಲಿ ಕೆಲಸಕ್ಕಿದ್ದರು. ದುರ್ಗಪ್ಪ ಬಂಡೆಗೆ ಕುಳಿ ಕೊರೆಯುತ್ತಿದ್ದ, ಯಲ್ಲಪ್ಪ ಆ ಕುಳಿಗಳಿಗೆ ಮದ್ದು ತುಂಬುತ್ತಿದ್ದ. ಮದ್ದು ತುಂಬುವವನಿಗೆ ಇನ್ನೂ ಒಂದು ಕೆಲಸವಿತ್ತು. ಬಂಡೆ ಸಿಡಿಸುವ ಮೊದಲು ಮೇಸ್ತ್ರಿ ಸೈರನ್ ತಿರುಗಿಸುತ್ತಾನೆ. ಕಂಪ್ರೆಸರ್ ಗದ್ದಲದಲ್ಲಿ ಅದು ಎಲ್ಲರಿಗೂ ಕೇಳುವುದಿಲ್ಲ. ಕ್ವಾರಿಯಲ್ಲಿ ವರ್ಷಗಟ್ಟಲೆ ದುಡಿದವರ ಕಿವಿಯೂ ಅಷ್ಟಕ್ಕಷ್ಟೇ. ಆದ್ದರಿಂದ ಸೈರನ್ ಆದ ಕೂಡಲೇ ಮದ್ದು ತುಂಬಿದವನು ಎದ್ದು ನಿಂತು ಟವೆಲನ್ನು ತಲೆಯ ಮೇಲೆ ಬೀಸಬೇಕು, "ಸರೀರಿ, ಸರೀರಿ" ಎಂದು ಕೂಗಬೇಕು. ಆಗಲೂ ಕೂತೇ ಇದ್ದವರನ್ನು ರಟ್ಟೆ ಹಿಡಿದು ಎಬ್ಬಿಸಬೇಕು. ಕೊನೆಗೆ ತಾನೂ ಬಂಡೆಯ ಮರೆಗೆ ಬೀಳಬೇಕು.

ಯಲ್ಲಪ್ಪ ಇದನ್ನು ಹದಿನಾರನೇ ವಯಸ್ಸಿನಿಂದ ಮಾಡುತ್ತಿದ್ದ. ಈಗ ಇಪ್ಪತ್ತಾರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಸೈರನ್ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಮಾತನ್ನು ಅವನು ಎದುರಿಗಿದ್ದವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ.

ಮೂರು ವರ್ಷದ ಹಿಂದೆ ಜಿಲ್ಲಾ ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲಿ ಬಾಂಬು ಸಿಡಿದು ಹನ್ನೊಂದು ಜನ ಸತ್ತಿದ್ದರು. ಇಟ್ಟವರು ಯಾರೆಂದು ಮೊದಲ ತಿಂಗಳು ಒಂದು ಗುಂಪಿನ ಹೆಸರು ಬಂತು, ಎರಡನೇ ತಿಂಗಳು ಇನ್ನೊಂದರ ಹೆಸರು. ಮದ್ದು ಮಾತ್ರ ಯಾವುದೋ ಕ್ವಾರಿಯ ಗೋದಾಮಿನಿಂದ ಕದ್ದದ್ದು ಎಂಬುದು ಖಚಿತವಾಯಿತು. ಪೊಲೀಸರು ಸುತ್ತಲಿನ ಕ್ವಾರಿಗಳಿಂದ ನಲವತ್ತು ಜನರನ್ನು ಎತ್ತಿಕೊಂಡು ಹೋದರು. ದುರ್ಗಪ್ಪ ನಾಲ್ಕು ದಿನ ಒಳಗಿದ್ದ. ಹೊರಗೆ ಬಂದಾಗ ಬಲಗಾಲಿನ ಎರಡು ಉಗುರು ಇರಲಿಲ್ಲ. ಒಳಗೆ ಏನಾಯಿತೆಂದು ಅವನು ಹೇಳಲಿಲ್ಲ. ತಮ್ಮನಿಗೆ ಒಂದು ಬುದ್ಧಿಮಾತು ಹೇಳಿದ.

"ಖಾಕಿ ಮುಂದ ಆಗ್ಲಿ, ಆಫೀಸಿನವರ ಮುಂದ ಆಗ್ಲಿ, ಕೇಳಿದ್ದಕ್ಕಷ್ಟ ಹೂಂ ಅನ್ನು. ಒಂದು ಮಾತು ಹೆಚ್ಚಿಗಿ ಆಡಿದ್ರ ಅದನ್ನ ಹಿಡಕೊಂಡು ಹತ್ತು ಕೇಳ್ತಾರ."

ಯಲ್ಲಪ್ಪ ಇದನ್ನು ಮರೆಯಲಿಲ್ಲ.

*

ಆ ಸ್ಫೋಟದ ಮರುವರ್ಷ ಕಂಬಗಳು ಬಂದವು. ಸರಕಾರಿ ಕಾಗದದಲ್ಲಿ ಅವಕ್ಕೆ ಘ್ರಾಣಸ್ತಂಭ ಎಂದು ಹೆಸರು. ಜನ ಮೂಗಿನ ಕಂಬ ಎಂದರು. ಬಸ್‌ಸ್ಟ್ಯಾಂಡ್, ಕೋರ್ಟು, ಸಂತೆ ಮೈದಾನ, ಸರಕಾರಿ ಆಸ್ಪತ್ರೆ, ಎಲ್ಲದರ ಬಾಗಿಲಲ್ಲೂ ಎರಡೆರಡು. ಬೂದು ಬಣ್ಣದ ಕಂಬ, ಕತ್ತಿನ ಎತ್ತರಕ್ಕೆ ಒಂದು ಸೀಳು. ಒಳಗೆ ಫ್ಯಾನು ಸದಾ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಅರವತ್ತನಾಲ್ಕು ತೆಳು ಪೊರೆಗಳ ಮೇಲೆ ಹಾಯುತ್ತದೆ. ಒಂದೊಂದು ಪೊರೆ ಒಂದೊಂದು ವಾಸನೆಗೆ ಉಬ್ಬುತ್ತದೆ. ಯಾವುದು ಎಷ್ಟು ಉಬ್ಬಿತು ಎಂಬುದನ್ನು ಕೂಡಿಸಿದರೆ ಹಾದುಹೋದವನ ಮೈಮೇಲೆ ಮದ್ದಿನ ಕಣ ಇದೆಯೇ ಇಲ್ಲವೇ ಗೊತ್ತಾಗುತ್ತದೆ.

ಮೊದಲ ಆರು ತಿಂಗಳು ಕಂಬ ಸಿಕ್ಕಸಿಕ್ಕವರಿಗೆಲ್ಲ ಬೊಬ್ಬೆ ಹೊಡೆಯಿತು. ಮದ್ದಿನಲ್ಲಿರುವ ಅಂಶವೇ ಗೊಬ್ಬರದಲ್ಲೂ ಕೆಲವು ಮಾತ್ರೆಗಳಲ್ಲೂ ಇರುತ್ತದೆ. ಹೊಲದಿಂದ ನೇರ ಬಂದವರು ಸಿಕ್ಕಿಬಿದ್ದರು. ಗೊಬ್ಬರದ ಚೀಲ ಹೊಲಿದು ಕೈಚೀಲ ಮಾಡಿಕೊಂಡಿದ್ದ ಹೆಂಗಸರು ಸಿಕ್ಕಿಬಿದ್ದರು. ಎದೆನೋವಿಗೆ ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಂಡಿದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಡಾಂಬರಿನ ಮೇಲೆ ಬೋರಲು ಮಲಗಬೇಕಾಯಿತು. ಜನ ಹೊಂದಿಕೊಂಡರು. ಕಂಡಕ್ಟರುಗಳು ಊರು ಬರುವ ಮೊದಲೇ "ಗೊಬ್ಬರದ ಚೀಲ ಇದ್ದವರು ಹಿಂದಿನ ಗೇಟು" ಎಂದು ಕೂಗುವುದನ್ನು ರೂಢಿ ಮಾಡಿಕೊಂಡರು. ಕ್ವಾರಿಯವರಿಗೆ ಹಿಂದಿನ ಗೇಟೂ ಇರಲಿಲ್ಲ. ಮದ್ದು ಅವರ ಉಗುರಿನ ಸಂದಿಯಲ್ಲಿ, ಕೂದಲ ಬುಡದಲ್ಲಿ ಕೂತಿರುತ್ತದೆ, ಎಷ್ಟು ಸ್ನಾನ ಮಾಡಿದರೂ ಹೋಗುವುದಿಲ್ಲ. ಅವರು ಆಸ್ಪತ್ರೆಗೂ ಹೋಗುವಂತಿರಲಿಲ್ಲ.

ಆಗ ವಿನಾಯಿತಿ ಪಟ್ಟಿ ಬಂತು. ಪ್ರತಿ ಮನುಷ್ಯನ ಬೆವರನ್ನು ಅವನ ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಒಡೆದು ಹುಳಿಗಳನ್ನು ಮಾಡುತ್ತವೆ. ಆ ಹುಳಿಗಳ ಪ್ರಮಾಣ ಒಬ್ಬರಿದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಒಡಹುಟ್ಟಿದವರಲ್ಲಿ ಹತ್ತಿರ ಇರುತ್ತದೆ, ಒಂದೇ ಇರುವುದಿಲ್ಲ. ಮದ್ದಿನ ಕೆಲಸದವರ ಮೈವಾಸನೆಯನ್ನು ಮೊದಲೇ ಬರೆದಿಟ್ಟುಕೊಂಡರೆ, ಕಂಬ ಮದ್ದನ್ನು ಮೂಸಿದ ಕೂಡಲೇ ಮನುಷ್ಯನನ್ನೂ ಮೂಸಿ, "ಇವನು ನಮ್ಮ ಪಟ್ಟಿಯವನು" ಎಂದು ಬಿಟ್ಟುಬಿಡಬಹುದು. ಹೋಲಿಕೆ ನೂರಕ್ಕೆ ಅರವತ್ತು ದಾಟಿದರೆ ಹಸಿರು. ಅದಕ್ಕಿಂತ ಕೆಳಗೆ ಕೆಂಪು.

ಕೆಂಪಿಗೆ ನಿಯಮ ಬಿಗಿಯಾಗಿತ್ತು. ಇನ್ನೊಂದು ಜಿಲ್ಲೆಯಲ್ಲಿ ಒಬ್ಬ ಕದ್ದ ಕ್ವಾರಿ ಕಾರ್ಡು ತೋರಿಸಿಕೊಂಡು ಬಂದಿದ್ದ. ಹೋಲಿಕೆ ಕಡಿಮೆ ಬಂದರೂ ಅಲ್ಲಿನ ಸಿಬ್ಬಂದಿ ಕಾರ್ಡು ನೋಡಿ, ಮುಖ ನೋಡಿ, ಒಂದೂವರೆ ನಿಮಿಷ ಯೋಚಿಸಿದ್ದರು. ಹತ್ತೊಂಬತ್ತು ಜನ ಸತ್ತರು. ಅಲ್ಲಿಂದೀಚೆಗೆ ಕಾರ್ಡನ್ನೂ ಮುಖವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ವಾಸನೆ ಮಾತ್ರ, ಅದೂ ಹತ್ತು ಸೆಕೆಂಡಿನೊಳಗೆ. ಕೆಂಪು ಗುಂಡಿ ಒತ್ತಿದರೆ ಸೈರನ್ ಆಗುತ್ತದೆ, ಮೈಕಿನಲ್ಲಿ ಆಜ್ಞೆ ಹೋಗುತ್ತದೆ, ಗೋಪುರದ ಮೇಲಿನ ಬಂದೂಕಿನವನು ನೋಡಿಕೊಳ್ಳುತ್ತಾನೆ.

*

ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಬಸ್‌ಸ್ಟ್ಯಾಂಡಿನ ಪರದೆಯ ಮುಂದೆ ಕೂರುತ್ತಿದ್ದವಳು ಅಂಬಿಕಾ ಹೂಗಾರ. ರಸಾಯನಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿದ್ದಳು, ಗುತ್ತಿಗೆಯ ಮೇಲೆ ಸೇರಿದ್ದಳು. ಸತ್ತ ಹನ್ನೊಂದು ಜನರಲ್ಲಿ ಅವಳ ಅಪ್ಪನೂ ಒಬ್ಬ. ಬಸ್‌ಸ್ಟ್ಯಾಂಡ್ ಗೇಟಿನ ಒಳಗೆ ಹೂ ಮಾರುತ್ತಿದ್ದ. ಅವನ ಜಾಗದಲ್ಲಿ ಈಗ ಅವಳ ತಾಯಿ ಗೌರವ್ವ ಕೂತು ಹೂ ಮಾರುತ್ತಿದ್ದಳು.

"ಬ್ಯಾರೆ ಕಡೆ ಕೂಡಬೇ" ಎಂದು ಅಂಬಿಕಾ ಎಷ್ಟೋ ಸಲ ಹೇಳಿದ್ದಳು.

"ಬ್ಯಾರೆ ಕಡೆ ಜಾಗ ನಿಮ್ಮಪ್ಪ ಹಿಡಿದಿಟ್ಟಾನೇನ? ಇಲ್ಲಿ ಗಿರಾಕಿ ಅದಾರ" ಎನ್ನುತ್ತಿದ್ದಳು ಗೌರವ್ವ. "ನೀ ಅದೀಯಲ್ಲ ಮ್ಯಾಲೆ ಕುಂತು ನೋಡಾಕ."

ಪರದೆಯ ಎಡಮೂಲೆಯಲ್ಲಿ ತಾಯಿಯ ಬುಟ್ಟಿ ಕಾಣುತ್ತಿತ್ತು. ಅಂಬಿಕಾ ಪ್ರತಿದಿನ ಎಂಟು ತಾಸು ಅದನ್ನು ನೋಡುತ್ತಿದ್ದಳು.

ವಿನಾಯಿತಿ ಪಟ್ಟಿಗೆ ನೋಂದಣಿ ಮಾಡಲು ಅವಳನ್ನೇ ಕ್ವಾರಿಗೆ ಕಳಿಸಿದ್ದರು. ಮೂರು ದಿನ ಮೈಮೇಲೆ ಬಳಸಿ ಒಗೆಯದೆ ಇಟ್ಟ ಬಟ್ಟೆಯನ್ನು ಕೆಲಸಗಾರನೇ ತನ್ನ ಕೈಯಿಂದ ಗಾಜಿನ ಭರಣಿಗೆ ಹಾಕಬೇಕು, ಅವಳು ಮುಚ್ಚಳಕ್ಕೆ ಮೊಹರು ಒತ್ತಬೇಕು. ಆ ಒಂದು ದಿನ ನೂರ ನಲವತ್ತು ಭರಣಿ ಆಗಬೇಕಿತ್ತು. ತಗಡಿನ ಶೆಡ್ಡಿನಲ್ಲಿ ಟೇಬಲ್ ಹಾಕಿದ್ದರು, ಸಾಲು ಹೊರಗೆ ಬಿಸಿಲಿನವರೆಗೂ ನಿಂತಿತ್ತು.

"ಹೆಸರು?"

"ಯಲ್ಲಪ್ಪ ರೀ."

"ಮೂರು ದಿನ ಒಗದಿಲ್ಲ, ಹೌದಲ್ಲ?"

"ಹೂಂ ರೀ."

"ಮೂರು ದಿನ ಅಲ್ರೀ ಮೇಡಮ್ಮರ, ಮೂರು ತಿಂಗಳಂತ ಬರಕೋರಿ" ಎಂದು ಹಿಂದಿನಿಂದ ಯಾರೋ ಅಂದರು. ಸಾಲು ನಕ್ಕಿತು. ಯಲ್ಲಪ್ಪನೂ, ಮಾತು ಕೇಳದಿದ್ದರೂ, ಎಲ್ಲರೂ ನಕ್ಕರೆಂದು ನಕ್ಕ. ಅಂಬಿಕಾಳಿಗೂ ನಗು ಬಂತು.

"ತಗೀ, ಬಟ್ಟಿ ಹಾಕು."

ಅವನು ಪಕ್ಕಕ್ಕೆ ತಿರುಗಿದ. ಅಲ್ಲಿ ನಿಂತಿದ್ದ ದುರ್ಗಪ್ಪ ತನ್ನ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕೊಟ್ಟ. ಯಲ್ಲಪ್ಪ ಅದನ್ನು ಮಡಚಿ ಭರಣಿಯೊಳಗೆ ಇಳಿಸಿದ. ಅಂಬಿಕಾ ಇದನ್ನು ನೋಡಿದಳು. ಅಣ್ಣ ಎಲ್ಲೋ ತಮ್ಮನ ಟವೆಲ್ ಹಿಡಿದುಕೊಂಡು ನಿಂತಿದ್ದಾನೆ ಅಂದುಕೊಂಡಳು, ಅಥವಾ ಏನೂ ಅಂದುಕೊಳ್ಳಲಿಲ್ಲ. ಫಾರಮಿನಲ್ಲಿ ಮೂರನೆಯ ಪ್ರಶ್ನೆ: ಬಟ್ಟೆ ಸ್ವಂತ ಬಳಕೆಯದೇ? ಅದಕ್ಕೆ ಅವಳು ಬೆಳಗಿನಿಂದ ಕೇಳದೆಯೇ "ಹೌದು" ಎಂದು ಬರೆಯುತ್ತಿದ್ದಳು. ಇದಕ್ಕೂ ಬರೆದಳು. ಕೊರೆಯುವವನು ಮದ್ದನ್ನು ಮುಟ್ಟುವುದಿಲ್ಲವೆಂದು ದುರ್ಗಪ್ಪನ ಹೆಸರು ನೋಂದಣಿಯ ಪಟ್ಟಿಯಲ್ಲೇ ಇರಲಿಲ್ಲ.

"ಇದು ವಾಪಸ್ ಸಿಗತೈತೇನ್ರಿ?" ಎಂದು ದುರ್ಗಪ್ಪ ಕೇಳಿದ. ಕೇಳಿದ್ದಕ್ಕಿಂತ ಹೆಚ್ಚು ಅವನು ಆಡಿದ ಮಾತು ಅದೊಂದೇ.

"ಇಲ್ಲ, ಆಫೀಸಿನಾಗ ಇರತೈತಿ."

ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಭರಣಿಗೆ ನಾನೂರ ಹನ್ನೆರಡು ಎಂಬ ಸಂಖ್ಯೆ ಅಂಟಿಸಿದರು.

ಪ್ರಯೋಗಾಲಯದಲ್ಲಿ ಟವೆಲಿನ ನಡುವಿನಿಂದ ನಾಲ್ಕು ಬೆರಳಗಲದ ತುಂಡು ಕತ್ತರಿಸಿ ಯಂತ್ರಕ್ಕೆ ಹಾಕಿದರು. ಬಟ್ಟೆಯ ನಡುವಿನಿಂದಲೇ ಕತ್ತರಿಸಬೇಕು ಎಂದು ಕೈಪಿಡಿಯಲ್ಲಿತ್ತು. ತುದಿಗಳಿಗೆ ಹೊರಗಿನ ಕೊಳೆ ಹತ್ತಿರುತ್ತದೆ ಎಂಬ ಕಾರಣಕ್ಕೆ. ಆ ತುಂಡಿನಲ್ಲಿ ಇಬ್ಬರು ಮನುಷ್ಯರಿದ್ದರು. ಯಂತ್ರ ಒಬ್ಬನೆಂದು ಬರೆದುಕೊಂಡಿತು.

ಮುಂದಿನ ಸಂತೆಯಲ್ಲಿ ಹುಲಿಗೆಮ್ಮ ಮಕ್ಕಳಿಗೆ ಬೇರೆ ಟವೆಲ್ ತಂದಳು. ಒಂದೇ ತಂದಳು. ಅದಕ್ಕೂ ಒಂದು ತುದಿ ಅಣ್ಣನದು, ಒಂದು ತಮ್ಮನದು.

*

ಒಂದು ವರ್ಷ ಏನೂ ಆಗಲಿಲ್ಲ.

ಕ್ವಾರಿಗೆ ಮಂಗಳವಾರ ರಜೆ. ಅಣ್ಣತಮ್ಮ ಒಂದೇ ಬೈಕಿನಲ್ಲಿ ಸಂತೆಗೆ ಬರುತ್ತಿದ್ದರು. ಬೈಕ್ ಕೆಟ್ಟ ವಾರ ಬಸ್ಸಿನಲ್ಲಿ ಬಂದು ಬಸ್‌ಸ್ಟ್ಯಾಂಡಿನ ಕಂಬದ ನಡುವೆ ಭುಜಕ್ಕೆ ಭುಜ ತಾಗಿಸಿ ಹಾಯುತ್ತಿದ್ದರು. ಕಂಬಕ್ಕೆ ಬೇಕಾದ ಎರಡೂ ವಾಸನೆ ಸಿಗುತ್ತಿತ್ತು. ಎಂಬತ್ತೆಂಟು, ಹಸಿರು. ಯಲ್ಲಪ್ಪ ಒಬ್ಬನೇ ಬಂದಾಗಲೂ ಕತ್ತಿನಲ್ಲಿ ಆ ಟವೆಲ್ ಇರುತ್ತಿತ್ತು, ಅದರಲ್ಲಿ ಅಣ್ಣ ಇರುತ್ತಿದ್ದ. ಕಂಬದ ಸೀಳು ಇರುವುದು ಕತ್ತಿನ ಎತ್ತರಕ್ಕೆ. ಎಪ್ಪತ್ತೊಂಬತ್ತು, ಹಸಿರು.

ಅಂಬಿಕಾಳಿಗೆ ಆ ಸಂಖ್ಯೆಯ ಪರಿಚಯವಾಗಿತ್ತು. ಕೊಳಕು ಟವೆಲ್ ಹಾಕಿಕೊಂಡು, ಕಂಬದ ಹತ್ತಿರ ಬರುತ್ತಲೇ ನಡಿಗೆ ನಿಧಾನ ಮಾಡಿ, ಹಸಿರು ದೀಪ ನೋಡಿದ ಮೇಲೆ ಉಸಿರು ಬಿಡುವ ಮನುಷ್ಯ. ಕ್ವಾರಿಯವರೆಲ್ಲ ಹಾಗೇ ಮಾಡುತ್ತಿದ್ದರು.

ಬೇಸಿಗೆಯಲ್ಲಿ ಯಲ್ಲಪ್ಪನಿಗೆ ಹೆಣ್ಣು ಗೊತ್ತಾಯಿತು. ಪಾರವ್ವ, ಬಸ್ಸಿನಲ್ಲಿ ಒಂದೂವರೆ ತಾಸಿನ ಊರು, ಅವರದೂ ಕಲ್ಲು ಒಡೆಯುವ ಮನೆತನ. ನಿಶ್ಚಯದ ದಿನ ಬೀಗರು ಆಯೇರಿ ಮಾಡಿದರು. ಅಂಗಿ ಬಟ್ಟೆ, ಟೋಪಿ, ಟವೆಲ್. ಬಿಳಿ ಟವೆಲ್, ಎರಡೂ ತುದಿಗೆ ನೀಲಿ ಅಂಚು. ಬೀಗರು ಅದನ್ನು ಅವನ ಹೆಗಲಿಗೆ ಹಾಕಿ ಕೈಮುಗಿದರು.

"ಈಗ ನೀ ದೊಡ್ಡ ಮನಷ್ಯಾ ಆದಿ ನೋಡು" ಅಂದ ದುರ್ಗಪ್ಪ. "ಎರಡೂ ತುದಿ ನಿಂದ."

ಯಲ್ಲಪ್ಪ ಆ ಟವೆಲನ್ನು ಮನೆಗೆ ತಂದು ಟ್ರಂಕಿನಲ್ಲಿಟ್ಟ. ಡಾಂಬರು ಗುಳಿಗೆ ಹಾಕಿಟ್ಟ. ಕ್ವಾರಿಗೆ ಹಳೆಯದನ್ನೇ ಒಯ್ಯುತ್ತಿದ್ದ.

ಶ್ರಾವಣ ಬಂತು. ಪಂಚಮಿಗೆ ಗಂಡಿನ ಮನೆಯಿಂದ ಹೆಣ್ಣಿನ ಮನೆಗೆ ಉಂಡಿ ಕೊಡಬೇಕು. ಹುಲಿಗೆಮ್ಮ ಎರಡು ದಿನ ಒಲೆಯ ಮುಂದೆ ಕೂತು ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಕಟ್ಟಿದಳು. ಮೂರರಲ್ಲೂ ಇಪ್ಪತ್ತೊಂದು. ಎಣಿಸಿ ಡಬ್ಬಿಗೆ ತುಂಬಿ, ಮುಚ್ಚಳ ಬಿಚ್ಚದಂತೆ ದಾರ ಬಿಗಿದಳು. ಅಣ್ಣತಮ್ಮ ಇಬ್ಬರೂ ಹೋಗುವುದೆಂದಿತ್ತು. ಅದೇ ಬುಧವಾರ ದೊಡ್ಡ ಬಂಡೆ ಸಿಡಿಸುವುದಿದೆ, ಇಬ್ಬರಿಗೂ ಒಟ್ಟಿಗೆ ರಜೆ ಇಲ್ಲ ಎಂದ ಮೇಸ್ತ್ರಿ. ಯಲ್ಲಪ್ಪನ ಬದಲು ಮದ್ದು ತುಂಬಲು ದುರ್ಗಪ್ಪ ಒಪ್ಪಿಕೊಂಡ.

ಯಲ್ಲಪ್ಪ ಸ್ನಾನ ಮಾಡಿ ಹೊಸ ಅಂಗಿ ತೊಟ್ಟು, ಗೂಟದಲ್ಲಿದ್ದ ಹಳೆಯ ಟವೆಲಿಗೆ ಕೈ ಹಾಕಿದ. ದುರ್ಗಪ್ಪ ಅದನ್ನು ಕಸಿದುಕೊಂಡ.

"ಬೀಗರ ಮನಿಗೆ ಇದನ್ನ ಹಾಕ್ಕೊಂಡು ಹೊಂಟೀಯೇನ? ಮಾನ ಹೋಗತೈತಿ. ಅವರು ಕೊಟ್ಟದ್ದನ್ನ ಹಾಕ್ಕೊಂಡು ಹೋಗು."

"ಅದು ಮದುವಿಗೆ ಇಟ್ಟೀನಿ."

"ಮದುವಿಗೆ ಮತ್ತ ಕೊಡತಾರ ತಗೋ. ಇದು ಇವತ್ತ ನನಗ ಬೇಕು. ಬೀಸಾಕ."

ಹುಲಿಗೆಮ್ಮ ಟ್ರಂಕು ತೆಗೆದು ಹೊಸ ಟವೆಲನ್ನು ಕೊಡವಿ ಮಗನ ಕತ್ತಿಗೆ ಹಾಕಿದಳು. ಯಾವುದೋ ಬೇರೆ ಮನೆಯ ಹುಡುಗನ ಹಾಗೆ ಕಾಣುತ್ತಾನೆ ಅಂದಳು.

*

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಯಲ್ಲಪ್ಪ ಕಂಬದ ನಡುವೆ ಹಾದ. ಪಂಚಮಿಯ ಗದ್ದಲ. ತವರಿಗೆ ಹೊರಟ ಹೆಣ್ಣುಮಕ್ಕಳು, ಬುಟ್ಟಿ, ಚೀಲ. ಅವನು ಹಸಿರು ದೀಪಕ್ಕೆ ಕಾಯದೆ ಮುಂದೆ ನಡೆದ. ಒಂದು ವರ್ಷದಲ್ಲಿ ಅವನಿಗೂ ಧೈರ್ಯ ಬಂದಿತ್ತು. ಗೌರವ್ವನ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಉಂಡಿಯ ಡಬ್ಬಿ ಇದ್ದ ಚೀಲವನ್ನು ಪಕ್ಕಕ್ಕಿಟ್ಟು, ಹೂವಿಗೆ ಕೈ ತೋರಿಸಿದ.

ಮೇಲೆ ಕೊಠಡಿಯಲ್ಲಿ ಅಂಬಿಕಾಳ ಪರದೆಯ ಮೇಲೆ ಚೌಕಟ್ಟು ಹೊಳೆಯಿತು. ಮದ್ದು: ಇದೆ. ಪಟ್ಟಿಯಲ್ಲಿ ಅತಿ ಹತ್ತಿರದ ಹೋಲಿಕೆ: 412. ನೂರಕ್ಕೆ ನಲವತ್ತಾರು.

ಹತ್ತು ಸೆಕೆಂಡಿನ ಗಡಿಯಾರ ಓಡತೊಡಗಿತು.

ಅವಳು ಮನುಷ್ಯನನ್ನು ನೋಡಿದಳು. ಬೆನ್ನು ಕಾಣುತ್ತಿತ್ತು. ಹೊಸ ಅಂಗಿ, ಬಿಳಿ ಟವೆಲ್, ಟೋಪಿ. ನಾನೂರ ಹನ್ನೆರಡು ಇಷ್ಟು ಬಿಳಿಯ ಬಟ್ಟೆ ಹಾಕಿದ್ದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿ ಒಂದು ಚೀಲ. ಚೀಲದಿಂದ ಒಂದು ಮೊಳ ದೂರದಲ್ಲಿ ಅವಳ ತಾಯಿಯ ಮೊಣಕಾಲು.

ಹಿಂದೆ ಇನ್‌ಸ್ಪೆಕ್ಟರ್ ಅಂಗಡಿಯವರು ಚಹಾ ಕುಡಿಯುತ್ತ ನಿಂತಿದ್ದರು.

"ಸರ್, ಇದು ನಾನೂರ ಹನ್ನೆರಡು ಇರಬಹುದು ಅನಸ್ತೈತಿ."

"ನಂಬರ್ ಎಷ್ಟು?"

"ನಲವತ್ತಾರು."

"ಮತ್ಯಾಕ ಕೇಳ್ತಿ?"

ಏಳನೆಯ ಸೆಕೆಂಡಿಗೆ ಅವಳು ಗುಂಡಿ ಒತ್ತಿದಳು.

ಸೈರನ್ ಆಯಿತು. ಮೈಕು "ಬಿಳಿ ಟವೆಲಿನವನು ಇದ್ದಲ್ಲೇ ಮಲಗು, ಕೈ ಚಾಚು" ಎಂದು ಕೂಗಿತು. ಮೈಕಿನ ಮಾತು ಯಲ್ಲಪ್ಪನಿಗೆ ಕೇಳಲಿಲ್ಲ. ಸೈರನ್ ಕೇಳಿತು. ಹತ್ತು ವರ್ಷದಿಂದ ಸೈರನ್ ಕೇಳಿದಾಗ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಎದ್ದು ನಿಂತ. ಕತ್ತಿನಿಂದ ಟವೆಲ್ ಎಳೆದು ತಲೆಯ ಮೇಲೆ ಬೀಸಿದ. "ಸರೀರಿ, ಸರೀರಿ" ಎಂದು ಸುತ್ತಲಿನವರಿಗೆ ಕೂಗಿದ. ಜನ ಚೆದುರಿ ಓಡಿದರು. ಹೂವಿನ ಮುದುಕಿ ಮಾತ್ರ ಕೂತೇ ಇದ್ದಳು. ಅವನು ಬಗ್ಗಿ ಅವಳ ರಟ್ಟೆ ಹಿಡಿದ.

ಗೋಪುರದಿಂದ ಎರಡು ಗುಂಡು ಬಂದವು. ಮೊದಲನೆಯದೇ ಸಾಕಾಗಿತ್ತು.

ಅಂಬಿಕಾ ಪರದೆಯಲ್ಲಿ ಹೂವಿನ ಬುಟ್ಟಿ ಉರುಳಿದ್ದನ್ನು ನೋಡಿದಳು. ಆಮೇಲೆ ತಾಯಿ ನೆಲದ ಮೇಲೆ ಕೂತೇ ಹಿಂದಕ್ಕೆ ಸರಿಯುತ್ತಿರುವುದನ್ನು ನೋಡಿದಳು. ಸತ್ತಿಲ್ಲ ಎಂದು ಗೊತ್ತಾದ ಮೇಲೆ ಗುಂಡಿಯಿಂದ ಬೆರಳು ತೆಗೆದಳು. ಅಂಗಡಿ ಅವಳ ಹೆಗಲು ತಟ್ಟಿ, "ಶಾಬಾಶ್" ಅಂದರು.

ಬಾಂಬು ನಿಷ್ಕ್ರಿಯ ದಳದವರು ಬಂದು ಚೀಲವನ್ನು ಮರಳಿನ ಮೂಟೆಗಳ ನಡುವೆ ಇಟ್ಟು ದೂರದಿಂದ ಸಿಡಿಸಿದರು. ಉಂಡಿಗಳು ಪ್ಲಾಟ್‌ಫಾರಂವರೆಗೂ ಹಾರಿದವು. ಎಳ್ಳು ಎಷ್ಟೋ ದಿನ ಡಾಂಬರಿನ ಬಿರುಕುಗಳಲ್ಲಿತ್ತು.

*

ಸಂಜೆ ಮನೆಯಲ್ಲಿ ಗೌರವ್ವ ಸೀರೆ ಬದಲಿಸಿ, ಒಲೆ ಹಚ್ಚದೆ ಕೂತಿದ್ದಳು. ಟೀವಿಯಲ್ಲಿ ವೃದ್ಧೆಯನ್ನು ಒತ್ತೆ ಹಿಡಿದ ಉಗ್ರ ಎಂದು ಬರುತ್ತಿತ್ತು.

"ಬಂದ್ ಮಾಡು ಅದನ್ನ" ಅಂದಳು.

ಅಂಬಿಕಾ ಬಂದ್ ಮಾಡಿದಳು.

"ಒತ್ತೆ ಹಿಡಿಯಾವ 'ಯವ್ವಾ, ಏಳಬೇ' ಅಂತಾನೇನ?"

"ಏನಂದ?"

"'ಯವ್ವಾ, ಏಳಬೇ, ಕಲ್ಲು ಬರತೈತಿ' ಅಂದ. ನನಗೂ ತಿಳೀಲಿಲ್ಲ, ಎಲ್ಲಿ ಕಲ್ಲು ಅಂತ. ಎಬ್ಬಿಸಾಕ ಬಂದಿದ್ದ ಅವ. ಉಳದವರೆಲ್ಲಾ ಓಡಿಹೋದ್ರು, ಅವನೊಬ್ಬ ನನ್ನ ಕಡೆ ಬಂದ." ಗೌರವ್ವ ತನ್ನ ರಟ್ಟೆಯನ್ನು ನೋಡಿಕೊಂಡಳು. "ಎರಡು ಮೊಳ ಕೊಡಬೇ ಅಂದಿದ್ದ. ಅಳದು ಹರಿಯೋದರಾಗ ಸೈರನ್ ಆತು."

ಗುಂಡಿ ಒತ್ತಿದ್ದು ಯಾರೆಂದು ತಾಯಿ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು. ಮರುದಿನದಿಂದ ಅವಳು ಹೂ ಮಾರಲು ಸಂತೆ ಮೈದಾನದ ಕಡೆ ಹೋದಳು.

ವಾರದೊಳಗೆ ಶವದಿಂದ ತೆಗೆದ ಮಾದರಿ ಪ್ರಯೋಗಾಲಯಕ್ಕೆ ಬಂತು. ಅಂಬಿಕಾ ಅದನ್ನು 412ರ ದಾಖಲೆಗೆ ಹೋಲಿಸಿದಳು. ನಲವತ್ತೇಳು. ಸತ್ತವನು ಯಲ್ಲಪ್ಪನೇ, ಅದರಲ್ಲಿ ಅನುಮಾನವಿರಲಿಲ್ಲ, ಬೆರಳಚ್ಚು ಹೊಂದಿತ್ತು. ಹಾಗಾದರೆ ಭರಣಿಯಲ್ಲಿದ್ದವನು ಯಾರು? ಆಗ ಅವಳಿಗೆ ಶೆಡ್ಡು ನೆನಪಾಯಿತು. ತಲೆಯಿಂದ ಟವೆಲ್ ಬಿಚ್ಚಿ ಕೊಟ್ಟ ಮನುಷ್ಯ. ಹೇಳಿಕೆ ಕೊಡಲು ಠಾಣೆಗೆ ಬಂದಿದ್ದ ದುರ್ಗಪ್ಪನನ್ನು ಅವಳು ಒಳಗೆ ಕರೆಸಿ ಅವನ ಮಾದರಿ ತೆಗೆದುಕೊಂಡಳು. ಅವನು ಯಾಕೆಂದು ಕೇಳಲಿಲ್ಲ, ಕತ್ತು ಒಡ್ಡಿದ. ಅವನದು ನಲವತ್ತೈದು. ಇಬ್ಬರದನ್ನೂ ಕೂಡಿಸಿ ಹಾಕಿದಳು. ತೊಂಬತ್ತೊಂದು.

ಅವಳು ಆ ಹಾಳೆಯನ್ನು ಅಂಗಡಿಯವರ ಟೇಬಲಿನ ಮೇಲಿಟ್ಟಳು.

ಅಂಗಡಿ ಎರಡು ಸಲ ಓದಿದರು. "ಯಂತ್ರ ತಪ್ಪು ಮಾಡಿಲ್ಲ, ಹೌದಲ್ಲ?"

"ಇಲ್ಲ ಸರ್."

"ನೀ ನಿಯಮ ಮುರದೀಯೇನ?"

"ಮೂರನೇ ಪ್ರಶ್ನೆ ನಾ ಕೇಳಿಲ್ಲ ಸರ್. ಕೇಳದ ಹೌದು ಅಂತ ಬರದೀನಿ."

ಅಂಗಡಿ ಬಾಗಿಲ ಕಡೆ ನೋಡಿದರು. "ಇದನ್ನ ನೀ ನನಗ ಹೇಳಿಲ್ಲ. ನಾ ಕೇಳಿಲ್ಲ." ಪೆನ್ನು ತೆಗೆದರು. ವರದಿಯ ಕೊನೆಯ ಸಾಲು ಅವರೇ ಬರೆದರು: ಮೃತನು ನೋಂದಣಿಯ ವೇಳೆ ಅನ್ಯರ ಬಳಕೆಯ ಬಟ್ಟೆಯನ್ನು ಸಲ್ಲಿಸಿ ಇಲಾಖೆಯನ್ನು ತಪ್ಪುದಾರಿಗೆಳೆದಿರುತ್ತಾನೆ.

ಆಮೇಲೆ ಎಲ್ಲ ಭರಣಿಗಳನ್ನೂ ಮತ್ತೆ ತೆರೆದು ನೋಡಿದರು. ಆರುನೂರ ಮೂವತ್ತರಲ್ಲಿ ಇನ್ನೂರ ಹದಿನೆಂಟರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇದ್ದರು. ಒಂದರಲ್ಲಿ ಐದು ಜನ ಇದ್ದರು, ಅಪ್ಪ ಮತ್ತು ನಾಲ್ಕು ಮಕ್ಕಳು. ಫಾರಮಿಗೆ ಒಂದು ಸಾಲು ಸೇರಿಸಿದರು: ಈ ಬಟ್ಟೆಯನ್ನು ಮನೆಯ ಬೇರೆ ಯಾರೂ ಬಳಸಿರುವುದಿಲ್ಲ. ಅಂಬಿಕಾಳ ಗುತ್ತಿಗೆ ಮುಂದುವರಿಯಿತು. ಅವಳೇ ಮುಂದುವರಿಸಲಿಲ್ಲ.

*

ಕೆಲಸ ಬಿಡುವ ದಿನ ಅವಳು ರದ್ದಾದ ಭರಣಿಗಳ ಪಟ್ಟಿಯಲ್ಲಿ 412ಕ್ಕೆ ಸಹಿ ಹಾಕಿ, ಆ ಭರಣಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕ್ವಾರಿಯ ಹತ್ತಿರ ಇಳಿದು ಕೇಳಿಕೊಂಡು ಹೋದಳು. ಕಲ್ಲುಚಪ್ಪಡಿಯ ಮನೆ. ದುರ್ಗಪ್ಪ ಕಟ್ಟೆಯ ಮೇಲೆ ಕೂತಿದ್ದ. ತಮ್ಮ ಸತ್ತ ಮೇಲೆ ಅವನು ಕ್ವಾರಿಗೆ ಹೋಗಿರಲಿಲ್ಲ. ಅವಳನ್ನು ಗುರುತು ಹಿಡಿದು ಎದ್ದು ನಿಂತ, ಸಾಹೇಬರ ಮುಂದೆ ನಿಲ್ಲುವ ಹಾಗೆ.

"ಕೂಡ್ರಿ" ಅಂದಳು. ಅವನು ಕೂರಲಿಲ್ಲ.

ಹುಲಿಗೆಮ್ಮ ಹೊರಗೆ ಬಂದಳು.

"ಗುಂಡಿ ಒತ್ತಿದಾಕಿ ನಾನು" ಎಂದಳು ಅಂಬಿಕಾ. ದಾರಿಯುದ್ದಕ್ಕೂ ಬೇರೆ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಒಂದೂ ಬರಲಿಲ್ಲ. "ಅವ ಬಗ್ಗಿ ಎಬ್ಬಿಸಾಕ ಹೋಗಿದ್ದು ನಮ್ಮವ್ವನ್ನ."

ಹುಲಿಗೆಮ್ಮ ಅವಳ ಕಡೆ ತಿರುಗಿದಳು. "ನಿಮ್ಮವ್ವ ಅದಾಳ?"

"ಅದಾಳ್ರಿ."

"ಛಲೋ ಆತು" ಅಂದಳು ಹುಲಿಗೆಮ್ಮ. ಅದರಲ್ಲಿ ಕ್ಷಮೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಕ್ಕಿತು ಎನ್ನುವಷ್ಟೇ ಇತ್ತು.

"ನಾನ ಹೇಳಿದ್ದು, ಹೊಸಾದು ಹಾಕ್ಕೊಂಡು ಹೋಗು ಅಂತ" ಎಂದ ದುರ್ಗಪ್ಪ. ಯಾರೂ ಅವನನ್ನು ಕೇಳಿರಲಿಲ್ಲ.

ಅಂಬಿಕಾ ಭರಣಿಯನ್ನು ಚೀಲದಿಂದ ತೆಗೆದು ಹುಲಿಗೆಮ್ಮನ ಮುಂದಿಟ್ಟಳು. ಆಫೀಸಿನಲ್ಲಿ ಮತ್ತೆ ಒತ್ತಿದ್ದ ಮೊಹರು ಒಡೆದು ಮುಚ್ಚಳ ತಿರುಗಿಸಿದಳು. ಮುದುಕಿ ಟವೆಲನ್ನು ಹೊರತೆಗೆದು ತೊಡೆಯ ಮೇಲೆ ಹಾಸಿದಳು. ನಡುವೆ ಚೌಕಾಕಾರದ ತೂತು. ಕೆಂಪು ಅಂಚಿನ ತುದಿಯನ್ನು ಮೂಗಿಗೆ ಹಿಡಿದಳು.

"ಇದು ದುರ್ಗಂದು."

ಆ ತುದಿ ಬಿಟ್ಟು, ದಾರ ಜೋತಾಡುತ್ತಿದ್ದ ಇನ್ನೊಂದು ತುದಿಯನ್ನು ಹಿಡಿದಳು. ಹಿಡಿದವಳು ಮುಖದಿಂದ ತೆಗೆಯಲಿಲ್ಲ.

ಯಂತ್ರಕ್ಕೆ ಅರವತ್ತನಾಲ್ಕು ಪೊರೆಗಳಿದ್ದವು. ತುದಿಯನ್ನು ಕತ್ತರಿಸಿದ್ದರೆ ಅದಕ್ಕೂ ಗೊತ್ತಾಗುತ್ತಿತ್ತು. ಮುದುಕಿ ತಲೆ ಎತ್ತಲಿಲ್ಲ. ದುರ್ಗಪ್ಪ ತೆರೆದಿದ್ದ ಭರಣಿಯ ಮುಚ್ಚಳವನ್ನು ಎತ್ತಿ ತಾಯಿಯ ಪಕ್ಕದಲ್ಲಿಟ್ಟು, "ಅದರಾಗ ಇಡಬೇ, ವಾಸನಿ ಹೋಗತೈತಿ" ಅಂದ.

ಆ ಚಳಿಗಾಲದಲ್ಲಿ ಬಾಂಬು ಇಡುವವರು ಕಂಬಗಳಿಲ್ಲದ ಒಂದು ಊರನ್ನು ಆರಿಸಿಕೊಂಡರು. ಅಲ್ಲಿ ಸತ್ತವರ ಲೆಕ್ಕ ಪತ್ರಿಕೆಗಳಲ್ಲಿದೆ.

ಈ ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದದ್ದು ಇಷ್ಟು: ಒಬ್ಬ ಮನುಷ್ಯ, ಇಪ್ಪತ್ತಾರು ವರ್ಷದವನು. ಗೊತ್ತಾಗಿದ್ದ ಒಂದು ಮದುವೆ. ಅರವತ್ತಮೂರು ಉಂಡಿ. ಎರಡು ಮೊಳ ಮಲ್ಲಿಗೆ. ನೀಲಿ ಅಂಚಿನ ಹೊಸ ಟವೆಲ್ ಒಂದು, ಸಾಕ್ಷಿಯಾಗಿ ಕೋರ್ಟಿನಲ್ಲಿದೆ. ಹಳೆಯ ಟವೆಲಿನ ನಡುವಿನಿಂದ ನಾಲ್ಕು ಬೆರಳಗಲದ ಒಂದು ತುಂಡು.